ಚೀಟಿ ಬೇಡ, ಹಳೇದು ತನ್ನಿ

“ಹಳೇ ರ‍್ಯಾಮ್ ಬಿಚ್ಚಿ ತಂದಿದ್ದೀರಾಮ್ಮ?” ಕೋಲಾರದ ಕಂಪ್ಯೂಟರ್ ರಿಪೇರಿ ಅಂಗಡಿಯ ಹಿರಿಯರು, ಯಾವ ರ‍್ಯಾಮ್, ಅಂದರೆ ಮೆಮೊರಿ ಪಟ್ಟಿ, ಬೇಕೆಂದು ನಾನು ಬರೆದುಕೊಟ್ಟ ಚೀಟಿಯ ಮೇಲೆ ಕಣ್ಣಾಡಿಸಿ ಕೇಳಿದರು. ಇಲ್ಲವೆಂದೆ.

ಮುಳಬಾಗಿಲಿನ ನಮ್ಮ ಮನೆಯಲ್ಲಿ ಪುಟ್ಟದೊಂದು ಸರ್ವರ್ ಇದೆ. ಮನೆಯವರ ಫೋಟೊಗಳು, ತಂಗಿಯ ಪಾಠದ ವಿಡಿಯೊಗಳು ಎಲ್ಲವೂ ಅದರಲ್ಲೇ. ಇಬ್ಬರು ಒಟ್ಟಿಗೆ ಬಳಸಿದರೆ ನಿಂತುಬಿಡುತ್ತಿತ್ತು. ರ‍್ಯಾಮ್ ಹೆಚ್ಚಿಸೋಣವೆಂದು ಕೂಡಿಟ್ಟ ಹಣವನ್ನೆಲ್ಲ ಹಿಡಿದು ಹೋಗಿದ್ದೆ. ತಪ್ಪಾದದ್ದು ತಂದರೆ ಇನ್ನೊಮ್ಮೆ ಕೊಳ್ಳುವ ಶಕ್ತಿ ಇರಲಿಲ್ಲ.

“ನಿಮ್ಮ ಸರ್ವರ್ ಡಬ್ಬ ಎಷ್ಟು ದೊಡ್ಡದು?” ಹಿರಿಯರು ಕೇಳಿದರು.

ಎರಡು ಅಂಗೈ ಜೋಡಿಸಿ ತೋರಿಸಿದೆ. ಅವರು ನಕ್ಕುಬಿಟ್ಟರು.

“ಅರೆ ಬೇಟಿ, ಅದು ಟಿಫಿನ್ ಬಾಕ್ಸು! ನೀವು ಬರೆದಿರೋ ಉದ್ದದ್ದು ಅದರೊಳಗೆ ಎಲ್ಲಿ ಕೂರುತ್ತೆ? ಲ್ಯಾಪ್‌ಟಾಪಿಗೆ ಹಾಕೋ ಗಿಡ್ಡದು ಬೇಕು. ಓದಿರೋರು ಚೀಟಿ ತರ್ತೀರ. ನಮ್ಮ ರೈತರು ನೋಡಿ, ಪಂಪಿನ ವಾಷರ್ ಹೋದ್ರೂ ಹೋಗಿರೋ ವಾಷರನ್ನೇ ತರ್ತಾರೆ.”

ಮರುದಿನ ಹಳೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಅದಕ್ಕೆ ಹೊಂದುವಂಥ, ಬಳಸಿದ ರ‍್ಯಾಮ್ ಒಂದನ್ನು ಹುಡುಕಿ, ನನ್ನೆದುರೇ ಪರೀಕ್ಷಿಸಿ ಕೊಟ್ಟರು. ಹೊಸದರ ಅರ್ಧ ಬೆಲೆಯೂ ಆಗಲಿಲ್ಲ.

ಈಗ ತಂಗಿ ಪಾಠ ಕೇಳುವಾಗಲೇ ಅಮ್ಮ ಫೋಟೊ ನೋಡುತ್ತಾರೆ, ಸರ್ವರ್ ನಿಲ್ಲುವುದಿಲ್ಲ. ನಾನು ಓದಿದ್ದು ಕಂಪ್ಯೂಟರ್ ವಿಜ್ಞಾನವನ್ನೇ ಎಂದು ಮಾತ್ರ ಆ ಹಿರಿಯರಿಗೆ ಇನ್ನೂ ಹೇಳಿಲ್ಲ.