ಗೋಡೆಗೆ ತಟ್ಟಿದ ಸೌತೆಬೀಜ

ಮದ್ರಾಸಿನ ವಡಪಳನಿಯ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ, ಸ್ಟವ್ ಪಕ್ಕದ ಗೋಡೆಯ ಮೇಲೆ, ಅತ್ತೆಯ ಅಂಗೈ ಇತ್ತು.

ಉಡುಪಿ ಕಡೆಯ ಅಭ್ಯಾಸ ಅದು. ಬಳ್ಳಿಯಲ್ಲೇ ಹಣ್ಣಾದ ಸೌತೆಯ ಬೀಜ ತೊಳೆದು, ಬೂದಿಯಲ್ಲಿ ಕಲಸಿ, ಒಲೆ ಹತ್ತಿರದ ಗೋಡೆಗೆ ತಟ್ಟುವುದು. ಬೂದಿ ತೇವ ಹೀರುತ್ತದೆ, ಹುಳ ಹತ್ತಿರ ಸುಳಿಯುವುದಿಲ್ಲ. ಟೆರೇಸಿನ ಹಳೇ ಪೇಂಟ್ ಡಬ್ಬಗಳಲ್ಲಿ ಬೆಳೆದ ಸೌತೆಗೂ ಅತ್ತೆ ಇದನ್ನೇ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು, ಕಾನ್ವೆಂಟಿನ ಹುಡುಗಿ, "ಹೈಜೀನ್ ಅಂತ ಒಂದಿದೆಯಲ್ಲ ಅತ್ತೆ" ಅಂದಿದ್ದೆ.

"ನಿನ್ನ ಸಿಸ್ಟರುಗಳು ಸೌತೆ ಬೆಳೆಸಿದ್ದಾರಾ ಮಾರಾಯ್ತಿ?" ಅಂತ ಇನ್ನೊಂದು ಹಿಡಿ ತಟ್ಟಿದ್ದರು.

ತೊಂಬತ್ತು ದಾಟಿದ ಅತ್ತೆ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಕೊನೆಯ ಸಲ ತಟ್ಟಿದ್ದು ಗೋಡೆಯಲ್ಲೇ ಉಳಿಯಿತು, ಐದು ಬೆರಳೂ ಕಾಣುವ ಹಾಗೆ. ಟೀ ಕುದಿಯುವವರೆಗೆ ನಾನು ಅದರ ಮೇಲೆ ಕೈಯಿಟ್ಟು ನಿಂತಿರುತ್ತಿದ್ದೆ. ಸಿಲ್ಲಿ, ಐ ನೋ.

ನವೆಂಬರಿನ ಮಳೆಗೆ ಗೋಡೆ ಬೆವರತೊಡಗಿತು. ಕಿರುಬೆರಳಿನ ಅಂಚು ಕಪ್ಪಾಯಿತು. ಅಲ್ಲಿಂದ ಒಂದು ಬೀಜ ಕಿತ್ತು ಒತ್ತಿದರೆ ಒಳಗೆ ಏನೂ ಇಲ್ಲ, ಬರೀ ಸಿಪ್ಪೆ. ಹಾಗೇ ಬಿಟ್ಟರೆ ಬೀಜವೆಲ್ಲ ಹೋಗುತ್ತದೆ. ತೆಗೆದರೆ ಅಂಗೈ ಹೋಗುತ್ತದೆ.

"ಒಂದು ಫೋಟೋ ತೆಗ್ದು ಇಟ್ಕೊಳ್ಳೇ" ಅಂದರು ನಮ್ಮವರು.

"ಫೋಟೋ ಈಸ್ ನಾಟ್ ದ ಸೇಮ್."

"ಅಲ್ಲ. ಆದ್ರೆ ಅಮ್ಮ ಅದನ್ನ ಇಟ್ಟದ್ದು ಬಿತ್ಲಿಕ್ಕೆ, ನೋಡ್ಲಿಕ್ಕಲ್ಲ."

ದೋಸೆ ಸಟ್ಟುಗ ಹಿಡಿದು ಹೆಬ್ಬೆರಳಿನಿಂದ ಶುರು ಮಾಡಿದೆ. ನೀರಿಗೆ ಹಾಕಿದರೆ ಮುಕ್ಕಾಲು ಪಾಲು ತೇಲಿದವು. ಮುಳುಗಿದವನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಬೆಳಿಗ್ಗೆ ಕಾಫಿಗೂ ಮೊದಲು ಬಿಚ್ಚಿ ನೋಡುವುದು.

"ಐಸಿಯು ವಿಸಿಟಿಂಗ್ ಅವರ್ಸ್ ಮುಗೀತಾ?" ಅಂತ ಅವರ ಕೀಟಲೆ.

ಒಂದು ಬೆಳಿಗ್ಗೆ ಬಿಳಿ ಮೊಳಕೆ ಇಣುಕಿತ್ತು. ಅವರನ್ನು ಕೂಗಲು ಬಾಯಿ ತೆರೆದರೆ ಬಂದದ್ದು "ಅತ್ತೇ!" ಅಂತ.

ಮೊಳಕೆಯನ್ನು ಅತ್ತೆಯ ಪೇಂಟ್ ಡಬ್ಬದಲ್ಲೇ ಊರಿದೆ. ಈ ಬೇಸಿಗೆ ಬಳ್ಳಿ ಕಾಯಿ ಬಿಟ್ಟಿತು. ಚೆನ್ನಾಗಿದ್ದ ಮೊದಲ ಕಾಯಿಯನ್ನು ಅವರು ಸಾಂಬಾರಿಗೆ ಕೇಳಿದರು. ಕೊಡಲಿಲ್ಲ, ಹಣ್ಣಾಗಲಿ ಅಂತ ಬಳ್ಳಿಯಲ್ಲೇ ಬಿಟ್ಟೆ. ಅತ್ತೆ ಊರಿಂದ ತರಿಸಿಟ್ಟಿದ್ದ ಬೂದಿ ಮುಗಿದಿತ್ತು; ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ? ಮುನಿಸು ಮರೆತು ಅವರೇ ಕೆಳಗಿನ ಇಸ್ತ್ರಿಯವರಿಂದ ಇದ್ದಿಲ ಬೂದಿ ತಂದುಕೊಟ್ಟರು.

ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಏರ್‌ಟೈಟ್ ಬಾಟಲಿಗೆ ತುಂಬಿದೆ. ಮದ್ರಾಸಿನ ಗೋಡೆಯನ್ನು ಇನ್ನು ನಂಬಲಾರೆ. ಆದರೂ ಒಂದು ಹಿಡಿ ಉಳಿಸಿಕೊಂಡು, ಬೂದಿಗೆ ನೀರು ಚಿಮುಕಿಸಿ ಕಲಸಿ, ಅದೇ ಜಾಗಕ್ಕೆ ತಟ್ಟಿದೆ.

"ಬಾಟಲಿ ಸಾಕಲ್ವೇನೇ?" ಅಂದರು.

"ಸಾಕು" ಅಂದೆ, ಅಂಗೈ ತೆಗೆಯದೆ.