ಬಾಯಿ ಮುಚ್ಚಿದರೆ ನಿಲ್ಲುವ ಕತೆ

ಅವರ ಬಲಗೈಯ ತೋರುಬೆರಳಿನ ತುಂಬ ಮಕ್ಕಳು ಕಚ್ಚಿದ ಗುರುತುಗಳಿದ್ದವು. ಕೆಲವು ಹಳತಾಗಿ ಬೆಳ್ಳಗಾಗಿದ್ದವು, ಒಂದೆರಡು ಇನ್ನೂ ಕೆಂಪಗಿದ್ದವು. ಮೊದಲ ಸಲ ಹೋದಾಗ ನಾನು ಆ ಬೆರಳನ್ನೇ ನೋಡುತ್ತ ನಿಂತಿದ್ದೆ. "ಹೆದರಬೇಡಿ, ನಾನು ತಿರುಗಿ ಕಚ್ಚುವುದಿಲ್ಲ" ಎಂದು ಅವರು ನಕ್ಕರು.

ಕಾಸರಗೋಡಿನ ರೈಲು ಸ್ಟೇಶನ್ನಿನ ದಾರಿಯಲ್ಲಿ, ಜವಳಿ ಅಂಗಡಿಯ ಮಾಳಿಗೆಯಲ್ಲಿ ಅವರ ಕೋಣೆ. ಬೊಂಬಾಯಿಯಲ್ಲಿ ಕಲಿತು ಬಂದ ಹಲ್ಲಿನ ಡಾಕ್ಟರು. ಹೆಂಗಸೊಬ್ಬರು ಹಲ್ಲು ಕೀಳುತ್ತಾರೆಂಬುದೇ ಐವತ್ತರ ದಶಕದಲ್ಲಿ ನಮಗೆ ದೊಡ್ಡ ಸುದ್ದಿ. ಎಲ್ಲರೂ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು.

ನನ್ನ ದೊಡ್ಡ ಮಗಳಿಗೆ ಆಗ ಐದು ವರ್ಷ. ಹಾಲುಹಲ್ಲುಗಳು ಕಪ್ಪಾಗಿ ಸವೆದು, ಕೆನ್ನೆ ಬಾತು, ಗಂಜಿಯನ್ನೂ ನುಂಗಲಾರದೆ ಅಳುತ್ತಿದ್ದಳು. ಅತ್ತೆಯೂ ನಾನೂ ಮಕ್ಕಳಿಬ್ಬರನ್ನು ಕಟ್ಟಿಕೊಂಡು ನಮ್ಮೂರು ಮುಳ್ಳೇರಿಯದಿಂದ ಬಸ್ಸು ಹತ್ತಿದೆವು. ಡಾಕ್ಟರಮ್ಮ ಕೊಳೆತ ಹಲ್ಲನ್ನು ಕಿತ್ತು, ಮಗುವಿನ ಅಳು ನಿಂತ ಮೇಲೆ ಕೇಳಿದರು, "ಮಲಗುವಾಗ ಇವಳ ಬಾಯಿಗೆ ಎಂತ ಕೊಡ್ತೀರಿ?"

"ಬಟ್ಟೆಯಲ್ಲಿ ಬೆಲ್ಲ ಕಟ್ಟಿ ಚೀಪಲಿಕ್ಕೆ ಕೊಡುವುದು. ಇಲ್ಲದಿದ್ದರೆ ನಿದ್ದೆಯೇ ಇಲ್ಲ" ಎಂದರು ಅತ್ತೆ.

ಬೈಗುಳ ಬರುತ್ತದೆಂದು ಕಾದೆ, ಬರಲಿಲ್ಲ. "ನನ್ನ ಅಮ್ಮನೂ ಹಾಗೆಯೇ ಮಾಡಿದ್ದು. ಇನ್ನು ಬೇಡ" ಎಂದಷ್ಟೇ ಹೇಳಿ, ಮೂರು ವರ್ಷದ ಚಿಕ್ಕವಳ ಬಾಯಿ ನೋಡಿದರು. "ಇವಳದ್ದು ಚಂದ ಉಂಟು. ಇದನ್ನಾದರೂ ಉಳಿಸುವ. ಫ್ಲೋರೈಡ್ ಅಂತ ಒಂದು ಮದ್ದು ಬಂದಿದೆ. ಹಾಳಾದ ಹಲ್ಲನ್ನು ಅದು ಸರಿ ಮಾಡುವುದಿಲ್ಲ, ಹಾಳಾಗದ್ದನ್ನು ಗಟ್ಟಿ ಮಾಡ್ತದೆ. ಒಂದು ತಿಂಗಳು ವಾರವಾರ ಬಂದು ಹಚ್ಚಿಸಿಕೊಳ್ಳಬೇಕು."

ಅತ್ತೆಗೆ ಸಿಟ್ಟು ಬಂತು. "ಹೇಗೂ ಬಿದ್ದುಹೋಗುವ ಹಲ್ಲಿಗೆ ಎಂತಕ್ಕೆ ಮದ್ದು?"

"ಬೀಳುವವರೆಗೆ ಅನ್ನ ಅಗಿಯುವುದು ಅದರಲ್ಲೇ ಅಲ್ವಾ ಅಮ್ಮಾ?"

ಅತ್ತೆ ದೊಡ್ಡವಳ ಬಾತ ಕೆನ್ನೆಯ ಕಡೆ ನೋಡಿ, ಚಿಕ್ಕವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು.

ಮದ್ದು ಹಚ್ಚುವುದಕ್ಕೆ ಹೆಚ್ಚು ಹೊತ್ತು ಬೇಡ. ಅದು ಒಣಗುವವರೆಗೆ ಮಗು ಬಾಯಿ ತೆರೆದಿರಬೇಕಲ್ಲ, ಕಷ್ಟವಿದ್ದದ್ದು ಅಲ್ಲಿ. ಕೆನ್ನೆಯೊಳಗೆ ಹತ್ತಿಯ ಸುರುಳಿ ಇಟ್ಟು, ಹಲ್ಲು ಒರೆಸಿ ಮದ್ದು ಹಚ್ಚಿ, ಡಾಕ್ಟರಮ್ಮ ಕತೆ ಸುರು ಮಾಡಿದರು. "ಬಾಯಿ ಮುಚ್ಚಿದರೆ ಕತೆಯೂ ನಿಲ್ತದೆ, ಗೊತ್ತುಂಟಲ್ಲ?" ಏಡಿಯೊಂದು ಕಡಲಿನಿಂದ ಎದ್ದು ಬಂದು ಮಂಗಳೂರಿನ ರೈಲು ಹತ್ತಿದ ಕತೆ. ಟಿಕೇಟು ಕೇಳುವವನು ಬಂದ, ಏಡಿ ಮೀನುಬುಟ್ಟಿಯ ಹಿಂದೆ ಅಡಗಿತು. ಚಿಕ್ಕವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅಷ್ಟರಲ್ಲಿ ಮದ್ದು ಒಣಗಿತು. "ಉಳಿದದ್ದು ಬರುವ ವಾರ" ಎಂದು ಡಾಕ್ಟರಮ್ಮ ಎದ್ದುಬಿಟ್ಟರು.

ಮೂರನೆಯ ವಾರ ಜಡಿಮಳೆ. ಇವತ್ತು ಬೇಡವೆಂದು ಹೇಳಲಿಕ್ಕೆ ನಾನು ಹೊರಗೆ ಬಂದರೆ, ಅತ್ತೆ ಸೀರೆ ಬದಲಿಸಿ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು. "ಬೇಡ ಅಂದರೆ ಹೇಗೆ ಮಾರಾಯ್ತಿ? ಆ ಏಡಿ ಸಿಕ್ಕಿಬಿತ್ತೋ ಇಲ್ಲವೋ ಗೊತ್ತಾಗುವುದು ಬೇಡ್ವಾ?"

ದೊಡ್ಡವಳಿಗೂ ಡಾಕ್ಟರಮ್ಮ ಮಾತು ಕೊಟ್ಟಿದ್ದರು. "ನಿನ್ನ ಹೊಸ ಹಲ್ಲು ಬರಲಿ, ನಿನಗೂ ಹಚ್ತೇನೆ." ಅವಳು ದಿನಾ ಕನ್ನಡಿ ನೋಡತೊಡಗಿದಳು. ಕೆಳಗಿನ ಒಸಡಿನಲ್ಲಿ ಬಿಳಿಯ ಅಂಚು ಕಂಡ ದಿನ ಕೂಗಿಕೊಂಡು ಓಡಿ ಬಂದಳು: "ಅಮ್ಮಾ, ಬಂತು! ಬಸ್ಸು ಎಷ್ಟು ಹೊತ್ತಿಗೆ?" ಆ ಹಲ್ಲುಗಳಲ್ಲಿ ಒಂದೂ ಹುಳುಕಾಗಲಿಲ್ಲ. ಅದಕ್ಕೂ ಡಾಕ್ಟರಮ್ಮ ಪೂರ್ತಿ ಹೊಗಳಿಕೆ ತೆಗೆದುಕೊಳ್ಳುತ್ತಿರಲಿಲ್ಲ. "ಮದ್ದು ಅರ್ಧ, ನೀವು ಬೆಲ್ಲ ನಿಲ್ಲಿಸಿದ್ದು ಅರ್ಧ" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅವರು ಜ್ವರದಲ್ಲಿ ತೀರಿಕೊಂಡರು. ನಾವು ಹೋದಾಗ ಅವರ ಮನೆಯ ಜಗಲಿಯ ತುಂಬ ಹೆಂಗಸರು: ಕಡಲ ಬದಿಯ ಬ್ಯಾರಿ ತಾಯಂದಿರು, ಪೇಟೆಯ ಕೊಂಕಣಿಯವರು, ಗುಡ್ಡದ ಕಡೆಯ ನಾವು. ಕಣ್ಣೊರೆಸುತ್ತಲೇ ಒಬ್ಬರು, "ನನ್ನ ಮಗ ಕಡಲೆ ಜಗಿದರೆ ಆಚೆ ಮನೆಗೆ ಕೇಳ್ತದೆ" ಎಂದರು. ಇನ್ನೊಬ್ಬರು ತಮ್ಮ ಮಗಳ ಸುದ್ದಿ ತೆಗೆದರು. ಯಾರೋ ನಕ್ಕೇಬಿಟ್ಟರು. ಒಳಗಿನಿಂದ ಡಾಕ್ಟರಮ್ಮನ ಅಣ್ಣ ಹೊರಗೆ ಬಂದಾಗ ನಾವೆಲ್ಲ ನಾಚಿ ತಲೆ ತಗ್ಗಿಸಿದೆವು.

ಅವರು ಮೆಟ್ಟಿಲ ಮೇಲೆ ಕುಳಿತರು. "ನಿಲ್ಲಿಸಬೇಡಿ," ಎಂದರು. "ಅವಳ ವಿಷಯ ಇನ್ನೂ ಹೇಳಿ."