ಹುಣಸೆಬೀಜ ಇಟ್ಟ ಜಾಗಗಳು

ಕೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಮನೆ, ಮಕ್ಕಳ ಓದು ಎಲ್ಲ ತಿಳಿದುಕೊಳ್ಳದೆ ಇಳಿದವಳಲ್ಲ. ಹಾಗಾಗಿ ರಾಮನಗರದ ನಮ್ಮ ಬೀದಿಯ ಆರೋಗ್ಯ ಸಮೀಕ್ಷೆಗೆ ಜೊತೆಗೆ ಬರುತ್ತೀರಾ ಎಂದು ಆಶಾ ಕಾರ್ಯಕರ್ತೆ ಕೇಳಿದ್ದೇ ತಡ, ಚಪ್ಪಲಿ ಮೆಟ್ಟಿ ಹೊರಟೆ. ಯಾವ ಬೀದಿಗೆ ಯಾವ ತೊಂದರೆ ಎಂದು ಬರೆದುಕೊಟ್ಟರೆ, ವಾರಕ್ಕೊಮ್ಮೆ ಬರುವ ಡಾಕ್ಟರನ್ನು ಎಲ್ಲಿ ಕೂರಿಸಬೇಕೆಂದು ವಾರ್ಡಿನ ಸಭೆ ತೀರ್ಮಾನಿಸುತ್ತದಂತೆ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದ ನಮ್ಮವ್ವ ಈಚೆಗೆ ಒಂದು ಮಾತು ಮುಗಿಸಲು ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಬಾ ಎಂದರೆ ಸುತರಾಂ ಒಪ್ಪುತ್ತಿರಲಿಲ್ಲ. ಡಾಕ್ಟರೇ ಬೀದಿಗೆ ಬಂದರೆ ನೆಪ ಹೇಳಲಾರಳು ಎಂದುಕೊಂಡಿದ್ದೆ.

ಮೊದಲ ಫಾರಂ ನಮ್ಮ ಮನೆಯದೇ. ಅವ್ವ ನಡುಮನೆಯ ಮಣೆಯ ಮೇಲೆ ಕೂತಿದ್ದಳು. ಆ ಮಣೆ ದಿನಾ ನನ್ನ ಕಾಲಿಗೆ ತೊಡರುತ್ತಿತ್ತು. ಗೊಣಗುತ್ತ ಗೋಡೆಗೆ ಸರಿಸಿದರೆ ಮಧ್ಯಾಹ್ನದೊಳಗೆ ಮತ್ತೆ ಅಲ್ಲೇ ಬಂದಿರುತ್ತಿತ್ತು.

"ಕೆಮ್ಮು, ದಮ್ಮು ಏನಾದ್ರೂ ಐತಾ ಅಜ್ಜಿ?"

"ನಂಗೇನಾಗೈತೆ? ಗುಂಡ್ಕಲ್ ಇದ್ದಂಗಿವ್ನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಆಶಾ ಹುಡುಗಿ ತಡೆದಳು. "ಅವ್ರು ಹೇಳಿದ್ದನ್ನೇ ಬರೀಬೇಕು ಅಕ್ಕ." ಹಲ್ಲು ಕಚ್ಚಿಕೊಂಡು 'ಇಲ್ಲ' ಎಂದು ಬರೆದೆ.

ಎದುರು ಮನೆಯ ಚಾಚಿ ಇವತ್ತಿಗೂ ನೂಲು ಬಿಚ್ಚಲು ಫಿಲೇಚರಿಗೆ ಹೋಗುವವರು. ಬಾಗಿಲು ಹಿಡಿದು ಚೆನ್ನಾಗಿ ಕೆಮ್ಮಿ, ಕಣ್ಣೊರೆಸಿಕೊಂಡು, "ನಮ್ಮನೇಲಿ ಯಾರ್ಗೂ ಏನಿಲ್ಲಮ್ಮ," ಎಂದರು.

"ಈಗ ಕೆಮ್ಮಿದ್ರಲ್ಲ ಚಾಚಿ?"

"ಇದಾ? ಇದು ಫಿಲೇಚರ್ ಕೆಮ್ಮು. ಆವಿ, ಹುಳದ ವಾಸ್ನೆ... ಕೆಲ್ಸ ಮಾಡೋರ್ಗೆಲ್ಲಾ ಇರ್ತೈತೆ. ಇದನ್ನೂ ಕಾಯಿಲೆ ಅಂತ ಬರೀತಾರಾ?"

ಬೀದಿಯುದ್ದಕ್ಕೂ ಇದೇ ಕಥೆ. ಸಂಜೆ ಫಾರಂಗಳನ್ನು ಜೋಡಿಸಿ ನೋಡಿದರೆ, ನಮ್ಮಷ್ಟು ಗಟ್ಟಿಮುಟ್ಟಾದ ಬೀದಿ ಇಡೀ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೀಗಾದರೆ ಡಾಕ್ಟರ್ ಬೇರೆ ಬೀದಿಯ ಪಾಲು.

"ನಾವ್ ಕೇಳಿದ್ದೇ ಸರೀಗಿಲ್ಲ ಬುಡಿ ಅಕ್ಕ," ಎಂದು ನಕ್ಕಳು ಆಶಾ.

ಮರುದಿನ ಮಧ್ಯಾಹ್ನ ನಮ್ಮ ಪಕ್ಕದ ಅಂಗನವಾಡಿಗೆ ಹೆಂಗಸರನ್ನೆಲ್ಲ ಕರೆದಳು. ಅವ್ವನೂ ನನ್ನ ಹೆಗಲು ಹಿಡಿದು ಬಂದಳು. ಆಶಾ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಮ್ಮ ಬೀದಿಯನ್ನೇ ಬರೆದಳು: ಮನೆಗಳು, ಮೋರಿ ಕಟ್ಟೆ, ಮಸೀದಿ ಮೆಟ್ಟಿಲು, ಮಾರಮ್ಮನ ಗುಡಿ, ಕೊನೆಯಲ್ಲಿ ರೇಷನ್ ಅಂಗಡಿ. ಎಲ್ಲರ ಕೈಗೂ ಒಂದೊಂದು ಹಿಡಿ ಹುಣಸೆಬೀಜ ಕೊಟ್ಟಳು. ಕಾಯಿಲೆಯ ಮಾತೇ ಎತ್ತಲಿಲ್ಲ.

"ರೇಷನ್ ಅಂಗ್ಡಿಗೆ ಹೋಗ್ತಾ ಎಲ್ಲೆಲ್ಲಿ ಒಸಿ ಕೂತ್ಕೋತೀರಾ? ಅಲ್ಲೊಂದೊಂದು ಬೀಜ ಇಡಿ."

ಹೆಂಗಸರಿಗೆ ಆಟ ಸಿಕ್ಕಿದಂತಾಯಿತು. ಚಾಚಿ ಮಸೀದಿ ಮೆಟ್ಟಿಲ ಮೇಲೊಂದು, ಗುಡಿಯ ಹತ್ತಿರ ಒಂದು ಇಟ್ಟರು. "ಸುಳ್ಳು ಹೇಳ್ಬ್ಯಾಡಿ ಚಾಚಿ, ನಮ್ಮನೆ ಜಗ್ಲಿ ಮ್ಯಾಲೂ ಕೂತ್ಕೋತೀರಾ," ಎಂದು ಯಾರೋ ಛೇಡಿಸಿದರು. ಚಾಚಿ ನಗುತ್ತ ಮೂರನೆಯದನ್ನೂ ಇಟ್ಟರು. ಯಾರ ಬೀಜ ಎಲ್ಲಿ ಬೀಳುತ್ತದೆಂದು ನಾನು ತುದಿಗಾಲಲ್ಲಿ ನಿಂತು ನೋಡಿದ್ದೇ ನೋಡಿದ್ದು. ಉಸಿರು ಸರಿಯಿದ್ದವರು ಎಲ್ಲೂ ಕೂರಬೇಕಿಲ್ಲದ ಐದು ನಿಮಿಷದ ದಾರಿ ಅದು. ನೋಡನೋಡುತ್ತ ರಂಗೋಲಿಯೇ ಕಾಣದಷ್ಟು ಬೀಜ ತುಂಬಿತು. ನಗು ತಾನಾಗಿ ನಿಂತಿತು.

"ಇಷ್ಟ್ ಜನ ಕೂತ್ಕೋತೀವಾ?" ಎಂದರು ಚಾಚಿ, ಮೆಲ್ಲಗೆ.

ಆಗ ಅವ್ವ ಒಂದೇ ಒಂದು ಬೀಜ ಹಿಡಿದು ಬಗ್ಗಿದಳು. "ನಮ್ಮನೆ ಯಾವ್ದು?" ನಾನು ತೋರಿಸಿದೆ. ಬೀಜವನ್ನು ಮನೆಯ ಚೌಕದೊಳಗೇ ಇಟ್ಟಳು.

"ಮನೆ ಒಳಗ್ಯಾಕೆ ಅಜ್ಜಿ? ದಾರೀಲಿ ಇಡ್ಬೇಕು."

"ಅಡ್ಗೆಮನೆಯಿಂದ ಬಾಗ್ಲಿಗೆ ಬರೋವಾಗ... ಅಲ್ಲಿ ಕೂತ್ಕೋತೀನಿ. ಮಣೆ ಹಾಕ್ಕೊಂಡಿವ್ನಿ."

ಊರಿನವರನ್ನೆಲ್ಲ ಕೇಳುವ ನಾನು, ಆ ಮಣೆ ಯಾಕೆ ಅಲ್ಲಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮೊದಲ ಫಾರಂ ತೆಗೆದು 'ಇಲ್ಲ'ವನ್ನು ಹೊಡೆದುಹಾಕಿದೆ.

"ಏನ್ ಬರೀತಿದ್ದೀಯೇ?" ಎಂದಳು ಅವ್ವ.

"ನೀನ್ ಹೇಳಿದ್ದನ್ನೇ," ಎಂದೆ.

ಬೀಜ ತುಂಬಿದ ಆ ರಂಗೋಲಿಯ ಫೋಟೋ ವಾರ್ಡಿನ ಸಭೆಗೆ ಹೋಯಿತು. ಈಗ ಗುರುವಾರ ಗುರುವಾರ ಡಾಕ್ಟರ್ ನಮ್ಮ ಅಂಗನವಾಡಿಯಲ್ಲೇ ಕೂರುತ್ತಾರೆ. ಅವ್ವ ಇನ್ಹೇಲರಿನಿಂದ ಔಷಧಿ ಎಳೆದುಕೊಳ್ಳುವುದನ್ನು ಕಲಿತಿದ್ದಾಳೆ, ಬೈದುಕೊಂಡೇ. ಮಣೆ ಮಾತ್ರ ನಡುಮನೆಯಲ್ಲಿ ಅಲ್ಲೇ ಇದೆ. ನಾನೇ ಸುತ್ತಿಕೊಂಡು ಓಡಾಡುತ್ತೇನೆ.